‘ಅಲ್ಲಿ’ ಅಂದರೆ ಯಾರ ಹತ್ತಿರ?

ಜಪಾನಿ ಕಲಿಯಲು ಕೂತ ಕನ್ನಡಿಗರಿಗೆ ಮೊದಲ ವಾರದಲ್ಲೇ ಒಂದು ಪಟ್ಟಿ ಸಿಗುತ್ತದೆ. ಕೊಕೊ ಅಂದರೆ ಇಲ್ಲಿ, ಸೊಕೊ ಅಂದರೆ ಅಲ್ಲಿ, ಅಸೊಕೊ ಅಂದರೆ ಅಲ್ಲಿ ದೂರದಲ್ಲಿ, ದೊಕೊ ಅಂದರೆ ಎಲ್ಲಿ. ಹತ್ತು ನಿಮಿಷದಲ್ಲಿ ಬಾಯಿಪಾಠವಾಗುತ್ತದೆ, ಸುಲಭವಾಯಿತಲ್ಲ ಅಂತ ಸಮಾಧಾನವೂ ಆಗುತ್ತದೆ. ಆದರೆ ಎರಡು ವರ್ಷ ಕಲಿತು, ಚೀನಾದಿಂದ ಬಂದ ನೂರಾರು ಕಾಂಜಿ ಅಕ್ಷರ ಓದಲು ಬಂದ ಮೇಲೂ ಜನ ಎಡವುವುದು ಇದೇ ಪಟ್ಟಿಯ ನಡುವಿನ ಎರಡು ಪದಗಳಲ್ಲಿ. ಸೊಕೊ ಅನ್ನಬೇಕಾದ ಕಡೆ ಅಸೊಕೊ ಅಂತಾರೆ, ಅಸೊಕೊ ಅನ್ನಬೇಕಾದ ಕಡೆ ಸೊಕೊ. ಎದುರಿನ ಜಪಾನಿ ಮನುಷ್ಯ ತಿದ್ದುವುದಿಲ್ಲ. ಒಂದು ಕ್ಷಣ ಕಣ್ಣನ್ನು ಬೇರೆ ಕಡೆ ಹೊರಳಿಸುತ್ತಾರೆ, ನೀವು ತೋರಿಸಿದ ವಸ್ತುವನ್ನು ತಮ್ಮ ಬೆನ್ನ ಹಿಂದೆಲ್ಲೋ ಹುಡುಕುತ್ತಾರೆ, ಆಮೇಲೆ ತಮ್ಮ ಕೈಯಲ್ಲೇ ಇರುವುದನ್ನು ನೋಡಿಕೊಳ್ಳುತ್ತಾರೆ.

ತಪ್ಪು ಕಲಿಯುವವರದ್ದಲ್ಲ, ಪಟ್ಟಿಯದ್ದು. ‘ದೂರದಲ್ಲಿ’ ಅನ್ನುವ ಆ ಒಂದು ಮಾತು ಎಲ್ಲರ ಕೈಗೂ ಅಳತೆಪಟ್ಟಿ ಕೊಟ್ಟುಬಿಡುತ್ತದೆ. ಹತ್ತಿರ, ಸ್ವಲ್ಪ ದೂರ, ತುಂಬಾ ದೂರ ಅಂತ ಮನಸ್ಸು ಅಳೆಯುತ್ತಾ ಹೋಗುತ್ತದೆ. ಕನ್ನಡದಲ್ಲಿ ಇಲ್ಲಿ ಮತ್ತು ಅಲ್ಲಿ ಎರಡೇ ಇರುವುದರಿಂದ, ಮೂರನೆಯದು ಬಂದಾಗ ಅದನ್ನು ಅದೇ ಗೆರೆಯ ಮೇಲೆ ಇನ್ನಷ್ಟು ಆಚೆ ಇಡುವುದು ನಮಗೆ ಸಹಜ. ಜಪಾನಿ ಮಾತ್ರ ಮೊದಲು ಕೇಳುವ ಪ್ರಶ್ನೆಯೇ ಬೇರೆ: ಅದು ಯಾರ ಹತ್ತಿರ ಇದೆ?

ನಾಲ್ಕು ಅಕ್ಷರದ ಸಾಲು

ಮೊದಲು ಅಚ್ಚುಕಟ್ಟಾದ ಭಾಗ ನೋಡಿಬಿಡೋಣ, ಇದರಲ್ಲಿ ಕಷ್ಟವಿಲ್ಲ. ಕೊ, ಸೊ, ಅ, ದೊ ಅನ್ನುವ ನಾಲ್ಕು ಮೊದಲಕ್ಷರ. ಅವುಗಳ ಹಿಂದೆ ‘ರೆ’ ಬಂದರೆ ವಸ್ತು: ಕೊರೆ, ಸೊರೆ, ಅರೆ, ದೊರೆ. ‘ನೊ’ ಬಂದರೆ ಹೆಸರಿಗೆ ಮೊದಲು ಕೂರುವ ‘ಈ’, ‘ಆ’: ಕೊನೊ, ಸೊನೊ, ಅನೊ, ದೊನೊ. ‘ಚಿರ’ ಬಂದರೆ ದಿಕ್ಕು ಮತ್ತು ಮರ್ಯಾದೆ, ‘ಚ್ಚಿ’ ಬಂದರೆ ಅದೇ ದಿಕ್ಕು ಸಲಿಗೆಯಲ್ಲಿ: ಕೊಚ್ಚಿ, ಸೊಚ್ಚಿ, ಅಚ್ಚಿ, ದೊಚ್ಚಿ. ಕನ್ನಡದ ಇದು-ಅದು, ಇತ್ತ-ಅತ್ತ-ಎತ್ತ, ಹೀಗೆ-ಹಾಗೆ-ಹೇಗೆ ನೆನಪಿದ್ದರೆ ಈ ಜೋಡಣೆ ಹೊಸದು ಅನ್ನಿಸುವುದೇ ಇಲ್ಲ. ಸಾಲು ತಪ್ಪಿದ್ದು ಒಂದೇ. ‘ಅಕೊ’ ಆಗಬೇಕಿತ್ತು, ಅಸೊಕೊ ಆಗಿದೆ.

ನಮ್ಮ ಲಿಪಿಯ ಒಂದು ಅನುಕೂಲವನ್ನು ಇಲ್ಲಿ ಹೇಳಲೇಬೇಕು. ಕನ್ನಡದಲ್ಲಿ ಕೊ ಮತ್ತು ಕೋ ಬೇರೆ ಬೇರೆ, ಜಪಾನಿಯಲ್ಲೂ ಹಾಗೆಯೇ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕಲಿತವರು ಈ ವ್ಯತ್ಯಾಸ ಕಳೆದುಕೊಳ್ಳುತ್ತಾರೆ. ಕೊಕೊ ಅಂದರೆ ಇಲ್ಲಿ, ಕೋಕೋ ಅಂದರೆ ಹೈಸ್ಕೂಲು. ಸೊಕೊ ಅಂದರೆ ಅಲ್ಲಿ, ಸೋಕೊ ಅಂದರೆ ಗೋಡೌನು. ದಾರಿ ಕೇಳುವಾಗ ರಾಗ ಎಳೆದರೆ ‘ಇದು ಯಾವ ಜಾಗ’ ಅಂತ ಕೇಳಲು ಹೋಗಿ ‘ಹೈಸ್ಕೂಲು ಎಲ್ಲಿದೆ’ ಅಂತ ಕೇಳಿದ ಹಾಗಾಗುತ್ತದೆ. ಟೋಕಿಯೋದ ಮಾತಿನಲ್ಲಿ ದನಿಯ ಏರಿಳಿತದ ಇನ್ನೊಂದು ಸೂಕ್ಷ್ಮ ಇದೆ. ಕೊಕೊ, ಸೊಕೊ, ಅಸೊಕೊ ಮೂರೂ ತಗ್ಗಿನಲ್ಲಿ ಶುರುವಾಗಿ ಏರಿ ಹಾಗೇ ನಿಲ್ಲುತ್ತವೆ. ದೊಕೊ ಒಂದೇ ‘ದೊ’ದಲ್ಲಿ ಎತ್ತರವಿದ್ದು ಕೂಡಲೇ ಇಳಿಯುತ್ತದೆ. ದೊರೆ, ದೊಚಿರ ಕೂಡ ಹೀಗೆಯೇ. ಗದ್ದಲದ ಪ್ಲಾಟ್‌ಫಾರ್ಮಿನಲ್ಲಿ ಅಕ್ಷರ ಸರಿಯಾಗಿ ಕೇಳದಿದ್ದರೂ, ಅದು ಪ್ರಶ್ನೆ ಅನ್ನುವುದು ಈ ಇಳಿತದಿಂದಲೇ ಗೊತ್ತಾಗುತ್ತದೆ.

ವೈದ್ಯರ ಬೆರಳು

ಹೊಟ್ಟೆನೋವು ಅಂತ ಹೋದವರನ್ನು ಮಂಚದ ಮೇಲೆ ಮಲಗಿಸಿ ವೈದ್ಯರು ಹೊಟ್ಟೆ ಒತ್ತುತ್ತಾರೆ. ‘ಕೊಕೊ ವ ಇತಾಯ್ ದೆಸ್ ಕ?’, ಇಲ್ಲಿ ನೋಯುತ್ತಾ? ಹೊಟ್ಟೆ ಯಾರದ್ದು? ಮಲಗಿದವರದ್ದು. ಅವರಿಗಿಂತ ಹತ್ತಿರ ಆ ಜಾಗಕ್ಕೆ ಇನ್ಯಾರೂ ಇಲ್ಲ. ಆದರೂ ಅವರ ಉತ್ತರ ‘ಹಾಯ್, ಸೊಕೊ ದೆಸ್’. ಒತ್ತುತ್ತಿರುವ ಬೆರಳು ವೈದ್ಯರದ್ದು, ಆ ಹೊತ್ತಿಗೆ ಆ ಜಾಗ ವೈದ್ಯರ ವಶದಲ್ಲಿದೆ, ಅದಕ್ಕೆ ಸೊಕೊ. ಮುಂದೆ ರೋಗಿಯೇ ತನ್ನ ಬೆರಳಿಟ್ಟು ತೋರಿಸಿದರೆ ಅದೇ ಜಾಗ ಕೊಕೊ ಆಗುತ್ತದೆ. ಈಗ ‘ಸೊಕೊ ದೆಸ್ ಕ’ ಅನ್ನುವ ಸರದಿ ವೈದ್ಯರದ್ದು. ಬೆನ್ನು ಕೆರೆಸಿಕೊಳ್ಳುವಾಗಲೂ ಹೀಗೆಯೇ: ಇನ್ನು ಸ್ವಲ್ಪ ಮೇಲೆ, ಇನ್ನು ಸ್ವಲ್ಪ... ‘ಅ, ಸೊಕೊ ಸೊಕೊ!’ ಕನ್ನಡದಲ್ಲಿ ನಾವು ‘ಹೂಂ, ಅಲ್ಲೇ ಅಲ್ಲೇ’ ಅಂತೀವಿ, ‘ಇಲ್ಲೇ’ ಅಂದರೂ ಯಾರೂ ಹುಬ್ಬೇರಿಸುವುದಿಲ್ಲ. ಜಪಾನಿಯಲ್ಲಿ ಆ ಸಡಿಲ ಇಲ್ಲ.

ಇದನ್ನು ಸ್ಪಷ್ಟವಾಗಿ ಹೇಳಿದವರು ಸಕುಮ ಕನಾಎ. ಅವರು ಮೂಲತಃ ಮನಶ್ಶಾಸ್ತ್ರಜ್ಞರು. ಅವರಿಗಿಂತ ಮುಂಚಿನ ವ್ಯಾಕರಣಗಳು ಹತ್ತಿರ, ನಡು, ದೂರ ಅಂತಲೇ ಪಾಠ ಮಾಡುತ್ತಿದ್ದವು. 1936ರಲ್ಲಿ ಸಕುಮ ಈ ಪದಗಳನ್ನು ಆಡುವವರ ವಲಯ, ಕೇಳುವವರ ವಲಯ, ಇಬ್ಬರಿಗೂ ಹೊರಗಿನ ವಲಯ ಅಂತ ಮೂರು ಮಾಡಿದರು. ಕೊ-ಸೊ-ಅ-ದೊ ಅಂತ ಒಟ್ಟಾಗಿ ಕರೆಯುವುದು ಬಳಕೆಗೆ ಬಂದದ್ದೂ ಅವರಿಂದಲೇ. ಜಾಗವನ್ನು ನೆಲದ ಮೇಲೆ ಅಳೆಯದೆ, ಮಾತಾಡುತ್ತಿರುವ ಇಬ್ಬರ ನಡುವೆ ಹಂಚಿದ್ದು ಮನಸ್ಸಿನ ಶಾಸ್ತ್ರ ಓದಿದವರು ಅನ್ನುವುದರಲ್ಲಿ ಒಂದು ಔಚಿತ್ಯ ಕಾಣುತ್ತದೆ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಫೋನು ಸಾಕು. ಬೆಂಗಳೂರಿನಿಂದ ಒಸಾಕಾಗೆ ಕರೆ ಮಾಡಿ ‘ನಿಮ್ಮ ಕಡೆ ಚಳಿ ಇದೆಯಾ’ ಅಂತ ಕೇಳಬೇಕಾದರೆ ‘ಸೊಚಿರ ವ ಸಮುಯ್ ದೆಸ್ ಕ’. ನಡುವೆ ಸಾವಿರಾರು ಕಿಲೋಮೀಟರು ಸಮುದ್ರ, ಮೂರೂವರೆ ಗಂಟೆ ಕಾಲದ ಅಂತರ. ದೂರವನ್ನೇ ಲೆಕ್ಕ ಹಾಕುವುದಾದರೆ ‘ಅಚಿರ’ ಆಗಬೇಕಿತ್ತು. ಆಗುವುದಿಲ್ಲ. ಕೇಳುವವರು ಇರುವ ಜಾಗ ಚಂದ್ರನ ಮೇಲಿದ್ದರೂ ಸೊಚಿರ. ಆ ಕರೆಯಲ್ಲಿ ಅಚಿರ ಅಂದರೆ ಇಬ್ಬರೂ ಇಲ್ಲದ ಮೂರನೆಯ ಜಾಗ, ಉದಾಹರಣೆಗೆ ಇಬ್ಬರಿಗೂ ಗೊತ್ತಿರುವ ಟೋಕಿಯೋದ ಹೆಡ್ ಆಫೀಸು.

ಜಪಾನಿ ಗಿರಾಕಿಗಳ ಜೊತೆ ಕೆಲಸ ಮಾಡುವ ಬೆಂಗಳೂರಿನ ಇಂಜಿನಿಯರುಗಳಿಗೆ ಇದು ಬರೀ ವ್ಯಾಕರಣವಲ್ಲ. ‘ಕೊಚಿರ ದೆ ಕಕುನಿನ್ ಶಿಮಸ್’ ಅಂದರೆ ನಮ್ಮ ಕಡೆ ಪರಿಶೀಲಿಸುತ್ತೇವೆ. ‘ಸೊಚಿರ ದೆ’ ಅಂತ ಶುರುವಾದರೆ ಅದು ನಿಮ್ಮ ಕಡೆಯ ಕೆಲಸ. ಕಚೇರಿಯ ಜಪಾನಿಯಲ್ಲಿ ನಾನು, ನೀವು ಅನ್ನುವ ಪದಗಳು ಆದಷ್ಟೂ ಬರುವುದಿಲ್ಲ. ಕೊಚಿರ, ಸೊಚಿರಗಳೇ ಆ ಜಾಗ ತುಂಬುತ್ತವೆ. ಟಿಪ್ಪಣಿ ಬರೆದುಕೊಳ್ಳುವಾಗ ಎರಡನ್ನೂ ‘ಅಲ್ಲಿ’ ಅಂತಲೋ ‘ಆ ಕಡೆ’ ಅಂತಲೋ ಗುರುತು ಹಾಕಿಕೊಂಡರೆ ಮೀಟಿಂಗ್ ಮುಗಿದ ಮೇಲೆ ಸರ್ವರ್ ಯಾರು ನೋಡಬೇಕು ಅನ್ನುವುದೇ ಅದಲುಬದಲಾಗುತ್ತದೆ. ಟಿಪ್ಪಣಿಯಲ್ಲಿ ‘ನಾವು’, ‘ಅವರು’ ಅಂತ ಆಗಲೇ ತಿರುಗಿಸಿ ಬರೆದುಕೊಳ್ಳುವುದು ಒಳ್ಳೆಯದು.

ಕೋಬನ್ನಿನ ಮೇಜು

ಜಪಾನಿನ ಬಹುಪಾಲು ಬೀದಿಗಳಿಗೆ ಹೆಸರಿಲ್ಲ. ವಿಳಾಸ ಅಂದರೆ ಬಡಾವಣೆಯ ಹೆಸರು, ಅದರ ಚೋಮೆ ಅಂದರೆ ಉಪವಿಭಾಗ, ಬ್ಲಾಕಿನ ಸಂಖ್ಯೆ, ಕಟ್ಟಡದ ಸಂಖ್ಯೆ. ಈ ಪದ್ಧತಿಯನ್ನು ಕ್ರಮಕ್ಕೆ ತಂದ ಕಾಯಿದೆ 1962ರದ್ದು. ವಿಳಾಸ ಕೈಯಲ್ಲಿದ್ದರೂ ದಾರಿ ಸಿಗದಿರುವುದು ಅಲ್ಲಿ ಸಾಮಾನ್ಯ. ದಾರಿ ಹೇಳುವುದೆಲ್ಲ ಸಿಗ್ನಲು, ಮೂಲೆ, ಬ್ಯಾಂಕು, ಬೋರ್ಡುಗಳ ಗುರುತಿನಲ್ಲಿ. ಬೀದಿಗೆ ಹೆಸರಿದ್ದು ಅದೇ ವಿಳಾಸವೂ ಆಗುವ ದೊಡ್ಡ ಅಪವಾದ ಕ್ಯೋತೊ. ಅಲ್ಲಿ ಎರಡು ಬೀದಿ ಕೂಡುವ ಜಾಗ ಹೇಳಿ, ಅಲ್ಲಿಂದ ಉತ್ತರಕ್ಕಾದರೆ ‘ಅಗರು’ ಅಂದರೆ ಏರು, ದಕ್ಷಿಣಕ್ಕಾದರೆ ‘ಸಗರು’ ಅಂದರೆ ಇಳಿ, ಪೂರ್ವ ಪಶ್ಚಿಮಗಳಿಗೆ ‘ಹಿಗಶಿ-ಇರು’, ‘ನಿಶಿ-ಇರು’ ಅಂತ ವಿಳಾಸದಲ್ಲೇ ಬರೆಯುತ್ತಾರೆ.

ಉಳಿದ ಊರುಗಳಲ್ಲಿ ದಾರಿ ತಪ್ಪಿದವರು ಹೋಗುವುದು ಕೋಬನ್‌ಗೆ. ಸ್ಟೇಷನ್ನಿನ ಬಳಿಯೋ ಮೂಲೆಯಲ್ಲೋ ಇರುವ ಪುಟ್ಟ ಪೊಲೀಸು ಚೌಕಿ ಅದು. ಅಲ್ಲಿ ನಡೆಯುವುದನ್ನು ನಿಧಾನವಾಗಿ ನೋಡಿದರೆ ನಮಗೆ ಬೇಕಾದ ಪಾಠವೆಲ್ಲ ಒಂದೇ ಕಡೆ ಸಿಗುತ್ತದೆ. ಪೊಲೀಸರು ಮೇಜಿನ ಮೇಲೆ ಆ ಪ್ರದೇಶದ ನಕ್ಷೆ ಹರಡುತ್ತಾರೆ. ಬೆರಳಿಟ್ಟು ‘ಇಮ ಕೊಕೊ ದೆಸ್’, ಈಗ ಇಲ್ಲಿದ್ದೀವಿ. ಬೆರಳು ಸರಿಯುತ್ತದೆ: ‘ಕೊಕೊ ಒ ಮಸ್ಸುಗು ಇತ್ತೆ’, ಇಲ್ಲಿ ನೇರ ಹೋಗಿ, ‘ಕೊಕೊ ದೆ ಮಿಗಿ ನಿ ಮಗತ್ತೆ’, ಇಲ್ಲಿ ಬಲಕ್ಕೆ ತಿರುಗಿ. ಕಿಲೋಮೀಟರು ದೂರದ ಜಾಗವೂ ಕೊಕೊ, ಬೆರಳು ಅದರ ಮೇಲಿದೆಯಲ್ಲ. ಆಮೇಲೆ ಅವರು ಬಾಗಿಲಾಚೆ ಬಂದು ಕೈ ಚಾಚುತ್ತಾರೆ. ಈಗ ಇಬ್ಬರೂ ಒಂದೇ ಕಡೆ ಮುಖ ಮಾಡಿ ನಿಂತಿದ್ದಾರೆ. ‘ಅಸೊಕೊ ನಿ ಅಕಾಯ್ ಕಂಬನ್ ಗ ಮಿಎಮಸ್ ನೆ’, ಅಗೋ ಅಲ್ಲಿ ಕೆಂಪು ಬೋರ್ಡು ಕಾಣಿಸ್ತಿದೆಯಲ್ಲ. ‘ಅರೆ ನೊ ತೆಮಎ ಒ ಹಿದರಿ ನಿ’, ಅದಕ್ಕಿಂತ ಈಚೆ ಎಡಕ್ಕೆ. ಇಬ್ಬರಿಗೂ ಆ ಬೋರ್ಡು ದೂರ, ಇಬ್ಬರಿಗೂ ಕಾಣುತ್ತಿದೆ, ಅದಕ್ಕೆ ಅಸೊಕೊ, ಅದಕ್ಕೆ ಅರೆ. ಇನ್ನೂ ಒಂದು ಹೆಜ್ಜೆ ಇದೆ. ತಿರುಗಿದ ಮೇಲೆ ಒಂದು ಬ್ಯಾಂಕು ಸಿಗುತ್ತದೆ, ‘ಸೊನೊ ತೊನರಿ ದೆಸ್’, ಅದರ ಪಕ್ಕ. ಆ ಬ್ಯಾಂಕು ಕೆಂಪು ಬೋರ್ಡಿಗಿಂತಲೂ ದೂರ. ಆದರೂ ‘ಅನೊ’ ಅಲ್ಲ, ‘ಸೊನೊ’. ಯಾಕೆಂದರೆ ದಾರಿ ಕೇಳಿದವರು ಆ ಬ್ಯಾಂಕನ್ನು ಕಂಡಿಲ್ಲ. ಈಗಷ್ಟೇ ಮಾತಿನಲ್ಲಿ ಬಂದು ಅವರ ಮುಂದೆ ನಿಂತ ಬ್ಯಾಂಕು ಅದು. ಅರ್ಧ ನಿಮಿಷದೊಳಗೆ ನಕ್ಷೆಯ ಕೊ, ಕಣ್ಣಿನ ಅ, ಮಾತಿನ ಸೊ ಮೂರೂ ಬಂದುಹೋದವು. ಕನ್ನಡದಲ್ಲಿ ಇಷ್ಟನ್ನೂ ನಾವು ಇಲ್ಲಿ, ಅಲ್ಲಿ, ಅದರ ಪಕ್ಕ ಅಂತ ಎರಡೇ ಬೇರಿನಲ್ಲಿ ಮುಗಿಸುತ್ತೇವೆ.

ಆ ‘ತೆಮಎ’ ಅನ್ನುವ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅದು ನಮ್ಮ ‘ಈಚೆ’. ಅದರ ಎದುರಿನದು ‘ಮುಕೋ’, ನಮ್ಮ ‘ಆಚೆ’. ‘ಶಿಂಗೋ ನೊ ತೆಮಎ’ ಅಂದರೆ ಸಿಗ್ನಲ್ಲಿಗಿಂತ ಈಚೆ, ಅಂದರೆ ಸಿಗ್ನಲ್ ಮುಟ್ಟುವ ಮೊದಲೇ. ‘ಮುಂದೆ’ ಅಂತ ಅರ್ಥ ಮಾಡಿಕೊಂಡು ಸಿಗ್ನಲ್ ದಾಟಿಬಿಡುವವರು ಬಹಳ. ಟ್ಯಾಕ್ಸಿಯಲ್ಲಂತೂ ಈ ಒಂದು ಪದ ತಪ್ಪಿದರೆ ಮುಂದಿನ ತಿರುವಿನ ತನಕ ಹೋಗಿಬರಬೇಕು.

ಟ್ಯಾಕ್ಸಿ ಅಂದಾಗ ಇನ್ನೊಂದು ತೊಡಕು ನೆನಪಾಗುತ್ತದೆ. ಹಿಂದಿನ ಸೀಟಿನಿಂದ ‘ಸೊಕೊ ನೊ ಕದೊ ದೆ ತೊಮೆತೆ ಕುದಸಾಯ್’, ಆ ಮೂಲೆಯಲ್ಲಿ ನಿಲ್ಲಿಸಿ ಅಂತಾರೆ. ಮೂಲೆ ಚಾಲಕರ ಹತ್ತಿರವೇನೂ ಇಲ್ಲ, ಇಬ್ಬರಿಗೂ ಮುಂದಿದೆ. ಹಾಗಾದರೆ ಅಸೊಕೊ ಯಾಕಲ್ಲ? ಇದಕ್ಕೆ ದಾರಿ ತೋರಿಸಿದವರು ಮಿಕಾಮಿ ಅಕಿರ, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಲೇ ವ್ಯಾಕರಣ ಬರೆದವರು. ಮಾತಾಡುವ ಇಬ್ಬರು ಎದುರುಬದುರಾಗಿದ್ದಾಗ ಲೋಕ ಕೊ ಮತ್ತು ಸೊ ಅಂತ ಪಾಲಾಗುತ್ತದೆ. ಒಂದೇ ಕಡೆ ಮುಖ ಮಾಡಿ ಒಂದಾಗಿದ್ದಾಗ ‘ನಮ್ಮ’ ಕೊ ಒಂದು ಕಡೆ, ಹೊರಗಿನ ಅ ಇನ್ನೊಂದು ಕಡೆ. ಈ ಎರಡನೆಯ ಸ್ಥಿತಿಯಲ್ಲಿ, ತೀರಾ ನಮ್ಮದೂ ಅಲ್ಲದ, ಕೈಚಾಚಿ ದೂರ ತೋರಿಸುವಷ್ಟೂ ಇಲ್ಲದ ಜಾಗಕ್ಕೆ ಸೊಕೊ ಬರುತ್ತದೆ. ಹಳೆಯ ವ್ಯಾಕರಣದ ‘ನಡು’ ಉಳಿದುಕೊಂಡಿರುವುದು ಈ ಒಂದು ಮೂಲೆಯಲ್ಲಿ. ಈಗ ಬಂದೇಬಿಡುವ ತಿರುವು ಸೊಕೊ, ರಸ್ತೆಯ ತುದಿಯಲ್ಲಿ ಕಾಣುವ ಸಿಗ್ನಲು ಅಸೊಕೊ. ಎರಡರ ನಡುವಿನ ಗೆರೆ ಇಷ್ಟೇ ಮೀಟರಿಗೆ ಅಂತ ಇಲ್ಲ.

ಇಲ್ಲಿ ಅನ್ನುವುದರೊಳಗೆ ಏನೇನಿದೆ

ಕೊಕೊ ಅಂದರೆ ‘ಇಲ್ಲಿ’ ಅನ್ನುವ ಅರ್ಥದಲ್ಲೂ ಒಂದು ಸಣ್ಣ ಮೋಸ ಇದೆ. ಕನ್ನಡದ ‘ಇಲ್ಲಿ’ಯಲ್ಲಿ ಸಪ್ತಮಿ ಆಗಲೇ ಸೇರಿಕೊಂಡಿದೆ. ಕೊಕೊ ಬರೀ ನಾಮಪದ, ‘ಈ ಜಾಗ’. ಅದಕ್ಕೆ ಪ್ರತ್ಯಯ ಹಚ್ಚಬೇಕು, ಯಾವುದನ್ನು ಹಚ್ಚಬೇಕು ಅನ್ನುವುದನ್ನು ಕ್ರಿಯಾಪದ ಹೇಳುತ್ತದೆ. ಇರುವುದಕ್ಕೆ ‘ನಿ’: ಅಸೊಕೊ ನಿ ಹೊನ್ಯ ಗ ಅರಿಮಸ್, ಅಲ್ಲಿ ಪುಸ್ತಕದಂಗಡಿ ಇದೆ. ಏನಾದರೂ ಮಾಡುವುದಕ್ಕೆ ‘ದೆ’: ಅಸೊಕೊ ದೆ ಹೊನ್ ಒ ಕಾಯ್ಮಸ್, ಅಲ್ಲಿ ಪುಸ್ತಕ ಕೊಳ್ಳುತ್ತೇನೆ. ನಮ್ಮ ‘ಅಲ್ಲಿ’ ಎರಡಕ್ಕೂ ನಡೆಯುವುದರಿಂದ ಕನ್ನಡಿಗರು ಒಂದೋ ಪ್ರತ್ಯಯವನ್ನೇ ಬಿಡುತ್ತಾರೆ, ಇಲ್ಲವೇ ಎಲ್ಲ ಕಡೆ ‘ನಿ’ ಹಾಕುತ್ತಾರೆ. ಸಭೆ, ಮದುವೆ, ಹಬ್ಬದಂಥ ನಡೆಯುವ ಸಂಗತಿಯಾದರೆ ‘ಇದೆ’ ಅನ್ನುವ ಅದೇ ಅರಿಮಸ್ ಬಂದರೂ ‘ದೆ’ ಹಾಕಬೇಕು. ಮೀಟಿಂಗು ಎಲ್ಲಿದೆ ಅಂದರೆ ‘ದೊಕೊ ದೆ’, ಮೀಟಿಂಗ್ ರೂಮು ಎಲ್ಲಿದೆ ಅಂದರೆ ‘ದೊಕೊ ನಿ’.

ಕೊಕೊ ನಾಮಪದ ಅನ್ನುವುದು ತಲೆಗೆ ಹೋದರೆ ಇನ್ನೆರಡು ಸಂಗತಿ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ದಾರಿ ತಪ್ಪಿದವರು ಕೇಳುವ ‘ಕೊಕೊ ವ ದೊಕೊ ದೆಸ್ ಕ’ ಅನ್ನುವುದನ್ನು ‘ಇಲ್ಲಿ ಎಲ್ಲಿ’ ಅಂತ ಓದಿದರೆ ಅರ್ಥವೇ ಇಲ್ಲ, ‘ಈ ಜಾಗ ಯಾವುದು’ ಅಂತ ಓದಿದರೆ ಸರಿ. ಹಾಗೆಯೇ ‘ಕೊನೊ ರಾಮೆನ್’ ಅಂದರೆ ಮುಂದಿರುವ ಈ ಬಟ್ಟಲು ನೂಡಲ್ಸ್, ‘ಕೊಕೊ ನೊ ರಾಮೆನ್’ ಅಂದರೆ ಈ ಅಂಗಡಿಯದ್ದು. ಅಂಗಡಿಯವರನ್ನು ಹೊಗಳಬೇಕಿದ್ದರೆ ಎರಡನೆಯದನ್ನು ಹೇಳಬೇಕು.

ಇಬ್ಬರ ನೆನಪು

ಕಣ್ಣೆದುರಿಲ್ಲದ ಜಾಗಕ್ಕೆ ಬಂದಾಗ ಲೆಕ್ಕ ಇನ್ನೂ ಚೆಂದವಾಗುತ್ತದೆ. ಸೊ ಮತ್ತು ಅ ನಡುವಿನ ಗೆರೆ ನೆನಪಿನಲ್ಲೂ ಇದೆ. ಭಾಷಾಶಾಸ್ತ್ರಜ್ಞ ಕುನೊ ಸುಸುಮು 1973ರಲ್ಲಿ ಇದನ್ನು ಬಿಡಿಸಿ ಹೇಳಿದರು: ಇಬ್ಬರಿಗೂ ನೇರವಾಗಿ ಗೊತ್ತಿದ್ದರೆ ಅ, ಒಬ್ಬರಿಗಷ್ಟೇ ಗೊತ್ತಿದ್ದರೆ ಸೊ. ‘ಮೊನ್ನೆ ಒಂದು ಸೊಬ ನೂಡಲ್ಸ್ ಅಂಗಡಿಗೆ ಹೋಗಿದ್ದೆ’ ಅಂತ ಹೊಸ ಸುದ್ದಿ ಶುರು ಮಾಡಿದರೆ ಮುಂದಿನ ವಾಕ್ಯದಲ್ಲಿ ‘ಸೊನೊ ಮಿಸೆ’, ಆ ಅಂಗಡಿ. ಕೇಳುವವರೂ ‘ಸೊಕೊ, ಒಇಶೀ ದೆಸ್ ಕ’, ಅಲ್ಲಿ ಚೆನ್ನಾಗಿರತ್ತಾ ಅಂತಲೇ ಕೇಳಬೇಕು. ಇಬ್ಬರೂ ಕೂಡಿ ಊಟ ಮಾಡಿದ ಅಂಗಡಿಯಾದರೆ ‘ಅಸೊಕೊ’, ‘ಅನೊ ಮಿಸೆ’. ಕೇಳುವವರಿಗೆ ಗೊತ್ತಿಲ್ಲದ ಅಂಗಡಿಯನ್ನು ‘ಅನೊ ಮಿಸೆ’ ಅಂದರೆ ಅವರು ತಮ್ಮ ನೆನಪನ್ನೆಲ್ಲ ತಡಕಾಡಿ, ಮರೆತುಬಿಟ್ಟೆನೇನೋ ಅಂತ ಪೇಚಾಡುತ್ತಾರೆ. ವರದಿ, ಪ್ರಬಂಧಗಳಲ್ಲಿ ‘ಅನೊ’ ಹೆಚ್ಚುಕಡಿಮೆ ಬರದಿರುವುದಕ್ಕೂ ಕಾರಣ ಇದೇ. ಓದುಗರ ಜೊತೆ ಬರೆದವರಿಗೆ ಹಂಚಿಕೊಂಡ ನೆನಪು ಇರುವುದಿಲ್ಲ.

ಕನ್ನಡದಲ್ಲೂ ದೂರ-ಹತ್ತಿರ ಅನ್ನುವುದು ಬರೀ ನೆಲದ ಲೆಕ್ಕವಾಗಿಲ್ಲ. ಗಂಡ ಬೇರೆ ಊರಲ್ಲಿದ್ದರೂ ಹೆಂಡತಿ ‘ಇವರು ನಾಳೆ ಬರ್ತಾರೆ’ ಅನ್ನುವುದು ನಮಗೆಲ್ಲ ಗೊತ್ತು. ಹಳಗನ್ನಡದಲ್ಲಿ ಇವಂ, ಅವಂ ಜೊತೆಗೆ ‘ಉವಂ’ ಅಂತ ನಡುವಿನದೊಂದು ಇತ್ತು. ನಾವು ಅದನ್ನು ಬಿಟ್ಟೆವು, ಶ್ರೀಲಂಕಾದ ಜಾಫ್ನಾದ ತಮಿಳಿನಲ್ಲಿ ಆ ‘ಉ’ ಇನ್ನೂ ಉಳಿದಿದೆ. ಜಪಾನಿನವರು ಕೂಡ ದೂರ ಸೂಚಿಸುವ ‘ಕ’ ಅನ್ನುವ ಬೇರನ್ನು ಬಹುಪಾಲು ಬಿಟ್ಟಿದ್ದಾರೆ. ಅದು ‘ಕರೆ’ ಅಂದರೆ ಅವನು ಅನ್ನುವಲ್ಲಿ, ಮುಸ್ಸಂಜೆಗೆ ಹೇಳುವ ‘ತಸೊಗರೆ’ಯಲ್ಲಿ ಉಳಿದಿದೆ. ‘ತ ಸೊ ಕರೆ’, ಯಾರದು ಅಲ್ಲಿ ಅಂತ ಕೇಳಬೇಕಾಗುವಷ್ಟು ಮಬ್ಬು ಬೆಳಕಿನ ಹೊತ್ತು. ನೀವು ಅನ್ನುವ ‘ಅನತ’ ಕೂಡ ಮೊದಲಿಗೆ ‘ಆ ಕಡೆ’ ಅನ್ನುವ ಜಾಗದ ಪದವೇ. ಇನ್ನೊಂದು ಹೊಂದಿಕೆ ಕಲಿಯುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಜೋಡಿಪದದಲ್ಲಿ ನಾವು ದೂರದ್ದನ್ನು ಮೊದಲು ಹೇಳುತ್ತೇವೆ: ಅಲ್ಲಿ ಇಲ್ಲಿ, ಅದು ಇದು, ಅತ್ತಿತ್ತ. ಜಪಾನಿಯಲ್ಲೂ ಅಚಿಕೊಚಿ, ಅರೆಕೊರೆ, ಅಚಿರ-ಕೊಚಿರ. ಇಲ್ಲಿ ಕನ್ನಡದ ಕಿವಿಯನ್ನು ನಂಬಿದರೆ ಸಾಕು.

ಸೊಕೊನೋ ಅಸೊಕೊನೋ ಅಂತ ಅನುಮಾನ ಬಂದಾಗಲೂ ಕನ್ನಡವನ್ನೇ ಕೇಳಬಹುದು. ‘ಅಲ್ಲಿ’ಯನ್ನು ತೆಗೆದು ‘ನಿಮ್ಮ ಹತ್ರ’, ‘ನೀವಿರೋ ಕಡೆ’ ಅಂತ ಹಾಕಿ ನೋಡಿ. ಕೂತರೆ ಸೊಕೊ. ‘ಈಗ ಹೇಳಿದೆನಲ್ಲ, ಅಲ್ಲಿ’ ಅಂದರೂ ಸೊಕೊ. ‘ಅಗೋ ಅಲ್ಲಿ’ ಅಂತ ಕೈ ತಾನಾಗಿ ಎದ್ದರೆ ಅಸೊಕೊ. ‘ಅದೇ, ನಾವು ಹೋಗಿದ್ವಲ್ಲ, ಅಲ್ಲಿ’ ಅಂದರೂ ಅಸೊಕೊ. ಅಂಗಡಿಯಲ್ಲಿ ಮಾರುವವರ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿರುವುದು ‘ಸೊರೆ’, ಅವರಿಗೂ ದೂರವಾದ ಹಿಂದಿನ ಗೋಡೆಯ ಮೇಲಿನ ಕಪಾಟಿನಲ್ಲಿರುವುದು ‘ಅರೆ’. ಅವರು ಅದನ್ನು ಇಳಿಸಿ ಕೈಯಲ್ಲಿ ಹಿಡಿದ ಕೂಡಲೇ ‘ಸೊರೆ’, ನಿಮ್ಮ ಕೈಗೆ ಕೊಟ್ಟ ಕೂಡಲೇ ‘ಕೊರೆ’.

ಟ್ಯಾಕ್ಸಿಯ ಸೊಕೊದ ಹಾಗೆ ಈ ಪರೀಕ್ಷೆಗೆ ಸಿಗದ ಇನ್ನೊಂದು ಸೊಕೊ ಇದೆ, ಅದನ್ನು ಹಾಗೆಯೇ ಕಲಿಯಬೇಕು. ಮನೆಯಿಂದ ಹೊರಟವರನ್ನು ಎದುರುಮನೆಯವರು ‘ದೊಚಿರ ಎ?’, ಎಲ್ಲಿಗೆ ಹೊರಟ್ರಿ ಅಂತ ಮಾತಾಡಿಸುತ್ತಾರೆ. ಉತ್ತರ ‘ಚೊತ್ತೊ ಸೊಕೊ ಮದೆ’. ಪದಕ್ಕೆ ಪದ ಇಟ್ಟರೆ ‘ಸ್ವಲ್ಪ ಅಲ್ಲಿವರೆಗೆ’. ಹೋಗುತ್ತಿರುವುದು ಮೂಲೆಯ ಅಂಗಡಿಗೂ ಇರಬಹುದು, ರೈಲು ಹತ್ತಿ ಇನ್ನೊಂದು ಊರಿಗೂ ಇರಬಹುದು. ಕೇಳಿದವರಿಗೆ ಜಾಗದ ಹೆಸರು ಬೇಕಿಲ್ಲ, ಹೇಳಿದವರಿಗೂ ಹೇಳಬೇಕಿಲ್ಲ. ನಮ್ಮ ಬೀದಿಗಳಲ್ಲೂ ಈ ಮಾತುಕತೆ ದಿನಾ ನಡೆಯುತ್ತದೆ. ನಾವು ಮಾತ್ರ ಆಗ ಅಲ್ಲಿ ಅನ್ನುವುದಿಲ್ಲ, ‘ಇಲ್ಲೇ ಸ್ವಲ್ಪ ಹೋಗಿಬರ್ತೀನಿ’ ಅಂತೀವಿ.